ಗೋಡೆ ಸುತ್ತಿದ ವೈರು

ಬಟಾಣಿ ಕುರ್ಚಿ ಎಳೆದು ಕೂತು, ಟೇಬಲ್ ಲೈಟ್ ಹಾಕಿ, ಗಣಿತದ ಪುಸ್ತಕ ತೆರೆದಳು. ಅಷ್ಟೇ ಮಾಡಿದ್ದು. ಪೆನ್ಸಿಲನ್ನು ಇನ್ನೂ ಮುಟ್ಟಿರಲಿಲ್ಲ.

ಟಕ್!

ಕಿಟಕಿ ಪಕ್ಕದ ಮಂಚದ ಮೇಲಿದ್ದ ಅಜ್ಜಿ ರೇಡಿಯೋದ ಕಿವಿ ಹಿಂಡಿ ಅದರ ಬಾಯಿ ಮುಚ್ಚಿಸಿದರು. ‘ಹ್ಞೂಂ’ ಎಂದು ಉಸಿರು ಬಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಕೋಲು ಊರುತ್ತಾ ಬಾಗಿಲಿನತ್ತ ನಡೆದರು.

"ಅಜ್ಜಿ, ಯಾಕೆ ಆಫ್ ಮಾಡಿದ್ರಿ?"

"ಸುಮ್ನೆ."

"ನಾನೇನಾದ್ರೂ ಮಾಡಿದ್ನಾ?"

"ನೀನೇನೂ ಮಾಡಿಲ್ಲ. ಲೆಕ್ಕ ಮಾಡು."

ಅಜ್ಜಿ ಹಾಲಿಗೆ ಹೋಗಿ ಕುರ್ಚಿಯಲ್ಲಿ ಕೂತರು. ಅಲ್ಲಿ ನೋಡುವುದಕ್ಕೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅವರು ಅದನ್ನೇ ನೋಡುತ್ತಾ ಕೂತರು.

ನಿನ್ನೆಯೂ ಹೀಗೇ ಆಗಿತ್ತು. ಮೊನ್ನೆಯೂ ಹೀಗೇ. ಬಟಾಣಿ ಓದಲು ಕೂತಳೋ ಇಲ್ಲವೋ, ಅಜ್ಜಿ ರೇಡಿಯೋ ಆಫ್ ಮಾಡಿ ಎದ್ದು ಹೋಗುತ್ತಿದ್ದರು. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಮಂಡಿ ಆಪರೇಷನ್ ಆದ ಮೇಲೆ ಅಮ್ಮ ಅಜ್ಜಿಯನ್ನು ತಮ್ಮ ಫ್ಲ್ಯಾಟಿಗೆ ಕರೆತಂದಿದ್ದಳು. ಅಜ್ಜಿಯ ಜೊತೆ ಒಂದು ಬ್ಯಾಗು, ಒಂದು ಕೋಲು, ಒಂದು ರೇಡಿಯೋ ಬಂದವು. ಮೂರೂ ಬಟಾಣಿಯ ರೂಮಿನಲ್ಲೇ ಠಿಕಾಣಿ ಹೂಡಿದವು. ಬಟಾಣಿಗೆ ಅದರಿಂದ ಒಂದಿಷ್ಟೂ ಬೇಜಾರಾಗಲಿಲ್ಲ. ಅಜ್ಜಿ ಇದ್ದರೆ ಕತ್ತಲೆಯ ಭಯ ಇಲ್ಲ. ಅಜ್ಜಿ ಇದ್ದರೆ ಮಲಗುವ ಮುಂಚೆ ಆಟ ಉಂಟು.

ಆ ಆಟವೇ ಒಂದು ಮಜಾ. ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಯಾರೋ ಹತ್ತುವ ಸದ್ದಾಗುತ್ತಿತ್ತು. "ಮೇಲಿನ ಮನೆಯ ಮೇಷ್ಟ್ರು. ಎಡಗಾಲಿನ ಚಪ್ಪಲಿ ಕಿತ್ತಿದೆ" ಎನ್ನುತ್ತಿದ್ದರು. ಬಟಾಣಿ ಓಡಿಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದರೆ, ಮೇಷ್ಟ್ರು ಚಪ್ಪಲಿ ಎಳೆದುಕೊಂಡು ಹತ್ತುತ್ತಿರುತ್ತಿದ್ದರು!

ಅಂಥ ಕಿವಿ ಬಂದದ್ದು ಕೆಲಸದಿಂದ. ಅಜ್ಜಿ ರೇಡಿಯೋ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಬೆಂಚಿನಲ್ಲಿದ್ದವರು. ತಯಾರಾದ ರೇಡಿಯೋಗಳು ಒಂದೊಂದಾಗಿ ಅವರ ಮುಂದೆ ಬರುತ್ತಿದ್ದವು. ಸರಿಯಾಗಿ ಹಾಡಿದರೆ ಅದರ ತಲೆ ಮೇಲೆ ಎರಡು ಸಲ ತಟ್ಟಿ "ಪಾಸ್" ಎನ್ನಬೇಕು. ಹಾಡದಿದ್ದರೆ ವಾಪಸ್. ಈಗ ಅವರ ಬಳಿ ಇರುವ ಕಂದು ಬಣ್ಣದ ರೇಡಿಯೋ ಕೂಡ ಅವರ ಕೈಯಲ್ಲೇ ಪಾಸಾಗಿದ್ದು. ಬ್ಯಾಟರಿ ಹಾಕಿದರೆ ಈಗಲೂ ನಡೆಯುತ್ತದೆ. ದೂರದೂರದ ದೇಶಗಳನ್ನು ಹಿಡಿಯುವ ಶಾರ್ಟ್‌ವೇವ್ ಅದರಲ್ಲಿತ್ತು. ಆದರೆ ಈ ಫ್ಲ್ಯಾಟಿನಲ್ಲಿ ಕಿಟಕಿ ಪಕ್ಕ ಇಟ್ಟರೆ ಅದು ಅಷ್ಟಿಷ್ಟು ಗೊಣಗುತ್ತಿತ್ತು. ಬೇರೆಲ್ಲಿ ಇಟ್ಟರೂ ಮೂಗ.

ಲೆಕ್ಕ ಅರ್ಧಕ್ಕೆ ಬಂದಾಗ ಹಾಲಿನಿಂದ ಅಜ್ಜಿಯ ಮಾತು ಕೇಳಿಸಿತು. ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದರು.

"ಭಾನುವಾರ ಬಂದು ಕರ್ಕೊಂಡು ಹೋಗಿಬಿಡು. ಇಲ್ಲಿ ನಾನಿರೋದು ಸರಿಹೋಗ್ತಿಲ್ಲ."

ಬಟಾಣಿ ಪೆನ್ಸಿಲ್ ಬಿಟ್ಟು ಎದ್ದಳು. ಅಡುಗೆಮನೆಗೆ ಓಡಿದಳು.

"ಅಮ್ಮ, ಅಜ್ಜಿಗೆ ನನ್ನ ಕಂಡ್ರೆ ಆಗಲ್ವಾ?"

"ಹುಚ್ಚಿ! ಹಾಗ್ಯಾಕೆ ಅಂದ್ಕೊಳ್ತೀಯ? ಚಿಕ್ಕಮ್ಮನ ಮನೇಲಿ ಅಜ್ಜಿಗೇ ಅಂತ ಒಂದು ರೂಮಿದೆ. ರೇಡಿಯೋನೂ ಅಲ್ಲಿ ಚೆನ್ನಾಗಿ ಬರುತ್ತಂತೆ" ಎಂದಳು ಅಮ್ಮ. ಆದರೆ ಅವಳ ಮುಖವೂ ಬಾಡಿತ್ತು.

ಆ ರಾತ್ರಿ ಅಜ್ಜಿಯ ಬ್ಯಾಗು ಮಂಚದ ಕೆಳಗಿನಿಂದ ಹೊರಬಂದು ಕಾಲುದೆಸೆಯಲ್ಲಿ ಕೂತಿತು. ನೀರು ಕುಡಿಯಲು ಎದ್ದ ಬಟಾಣಿ ಅದನ್ನು ಎಡವಿ ಹೆಬ್ಬೆರಳು ಜಜ್ಜಿಕೊಂಡಳು. ಮರುದಿನವೂ ಎಡವಿದಳು. ಬ್ಯಾಗನ್ನು ಸರಿಸಿ ಇಡಬಹುದಿತ್ತು. ಆದರೆ ಅದನ್ನು ಮುಟ್ಟಲು ಅವಳಿಗೆ ಮನಸ್ಸೇ ಬರಲಿಲ್ಲ.

"ರೇಡಿಯೋ ಇಲ್ಲೇ ಚೆನ್ನಾಗಿ ಬಂದ್ರೆ ಅಜ್ಜಿ ಇಲ್ಲೇ ಇರ್ತಾರೆ. ಅಲ್ವಾ?" ಸೈನ್ಸ್ ಪೀರಿಯಡ್ಡಿನಲ್ಲಿ ಬಟಾಣಿ ಪಿಸುಗುಟ್ಟಿದಳು.

ಪಕ್ಕದಲ್ಲಿ ಕೂತಿದ್ದವಳು ಸರ್ಕ್ಯೂಟ್. ಬಟಾಣಿಯ ಮೇಲಿನ ಮನೆಯವಳು, ಮೇಷ್ಟ್ರ ಮಗಳು. ಬೇರೆ ಮಕ್ಕಳ ಕಂಪಾಸ್ ಬಾಕ್ಸಿನಲ್ಲಿ ಕಂಪಾಸ್ ಇದ್ದರೆ ಇವಳದರಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು. ಅವಳು ಇದುವರೆಗೆ ಬಿಚ್ಚದ ವಸ್ತುವಿಲ್ಲ. ಮತ್ತೆ ಜೋಡಿಸಿದ ವಸ್ತುಗಳು ಮಾತ್ರ ಕಡಿಮೆ.

"ಆಂಟೆನಾ ಹಾಕೋಣ, ಸಿಂಪಲ್" ಎಂದಳು ಸರ್ಕ್ಯೂಟ್. "ನಮ್ಮ ಬಿಲ್ಡಿಂಗ್ ಗೋಡೇಲೆಲ್ಲ ಕಬ್ಬಿಣ ಇದೆ. ರೇಡಿಯೋ ಅಲೆಗಳು ಒಳಗೆ ಬರೋಕೆ ಒದ್ದಾಡ್ತವೆ. ರೂಮೊಳಗೆ ಉದ್ದ ವೈರು ಎಳೆದ್ರೆ, ಬಂದ ಚೂರುಪಾರು ಅಲೇನೂ ಅದು ಹಿಡ್ಕೊಳ್ಳುತ್ತೆ."

"ನಿಂಗೆ ಹೇಗೆ ಗೊತ್ತು?"

"ವಿಡಿಯೋ ನೋಡಿದೀನಿ."

"ಪೂರ್ತಿನಾ?"

"ಅರ್ಧ. ಆಮೇಲೆ ಡೇಟಾ ಖಾಲಿ ಆಯ್ತು."

"ಏನದು ಗುಸುಗುಸು?" ಎಂದರು ಮಿಸ್. ಇಬ್ಬರೂ ಪುಸ್ತಕದಲ್ಲಿದ್ದ ಎಲೆಯ ಚಿತ್ರದೊಳಗೆ ಮೂಗು ತೂರಿಸಿದರು.

ಶನಿವಾರ ಅರ್ಧ ದಿನ ಸ್ಕೂಲು. ಊಟ ಮುಗಿಸಿದ್ದೇ ತಡ, ಸರ್ಕ್ಯೂಟ್ ಕೆಟ್ಟ ಫ್ಯಾನಿನಿಂದ ಬಿಚ್ಚಿದ ತಾಮ್ರದ ವೈರಿನ ಸುರುಳಿ ಹಿಡಿದು ಹಾಜರಾದಳು. ಕೂದಲಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ. ಬಟಾಣಿ ಮಂಚದ ಮೇಲೆ ಕುರ್ಚಿ ಇಟ್ಟಳು. ಕುರ್ಚಿಯ ಮೇಲೆ ತಾನು ಹತ್ತಿದಳು.

ಮೊದಲು ಟೇಪ್ ಅಂಟಿಸಿದರು. ಟೇಪಿನ ಜೊತೆ ಗೋಡೆಯ ಬಣ್ಣವೂ ಕಿತ್ತು ಬಂತು. ಹಾಗಾಗಿ ಟೇಪ್ ಕ್ಯಾನ್ಸಲ್. ಕರ್ಟನ್ ರಾಡು, ಕ್ಯಾಲೆಂಡರ್ ಮೊಳೆ, ಬೀರುವಿನ ತಲೆ, ಬಾಗಿಲ ಚೌಕಟ್ಟು ಎಂದು ಸಿಕ್ಕಿದ್ದಕ್ಕೆಲ್ಲ ಸುತ್ತುತ್ತಾ ವೈರು ರೂಮಿಗೆ ಒಂದು ಪ್ರದಕ್ಷಿಣೆ ಹಾಕಿತು. ಕೊನೆಯ ತುದಿಯನ್ನು ಕೆಳಗಿಳಿಸಿ, ಓದುವ ಟೇಬಲ್ಲಿನ ಮೇಲಿಟ್ಟ ರೇಡಿಯೋದ ಏರಿಯಲ್ ಕಡ್ಡಿಗೆ ಬಟ್ಟೆ ಕ್ಲಿಪ್ಪಿನಿಂದ ಕಚ್ಚಿಸಿದರು.

"ರೆಡಿ. ಆನ್!"

ಸ್‌ಸ್‌ಸ್‌ಸ್...

ಏನೂ ಇಲ್ಲ. ಮೊದಲಿನಷ್ಟೇ ಸದ್ದು. ವೈರು ಇದ್ದೂ ಒಂದೇ, ಇಲ್ಲದೆಯೂ ಒಂದೇ. ಸರ್ಕ್ಯೂಟ್ ತಲೆ ಕೆರೆದುಕೊಂಡಳು.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅಜ್ಜಿ ಮೇಲೆ ನೋಡಿದರು, ಕೆಳಗೆ ನೋಡಿದರು.

"ತುದಿ ಕೆರೆದ್ರಾ?" ಎಂದರು. ಅಷ್ಟು ಹೇಳಿ ಹೊರಟೇ ಹೋದರು.

"ಬೈದ್ರಾ?" ಎಂದಳು ಸರ್ಕ್ಯೂಟ್.

"ಗೊತ್ತಿಲ್ಲ" ಎಂದಳು ಬಟಾಣಿ. ಅಜ್ಜಿಗೆ ಕೋಪ ಇದ್ದರೆ ಉಪಾಯ ಯಾಕೆ ಹೇಳಬೇಕು? ಕೋಪ ಇಲ್ಲದಿದ್ದರೆ ನಾಳೆ ಯಾಕೆ ಹೋಗಬೇಕು?

ಅವಳು ವೈರಿನ ತುದಿಯನ್ನು ಬೆಳಕಿಗೆ ಹಿಡಿದಳು. ಕಂದು ಬಣ್ಣ ತಾಮ್ರದ್ದಲ್ಲ, ಅದರ ಮೇಲೆ ಬಳಿದ ವಾರ್ನಿಷ್‌ದು! ತಾಮ್ರ ಏರಿಯಲ್ಲನ್ನು ಮುಟ್ಟಿರಲೇ ಇಲ್ಲ. ಅಮ್ಮನ ಉಗುರು ತಿಕ್ಕುವ ಫೈಲ್ ತಂದು ತುದಿಯನ್ನು ಪರಪರ ಉಜ್ಜಿದಳು. ಒಳಗಿನಿಂದ ಕೆಂಪಗೆ, ಹೊಸದರಂತೆ ತಾಮ್ರ ಇಣುಕಿತು. ಮತ್ತೆ ಕ್ಲಿಪ್ ಹಾಕಿದಳು.

ರೇಡಿಯೋ ಒಮ್ಮೆಲೇ ಬಾಯಿ ಬಿಟ್ಟಿತು. ಯಾರೋ ಒಬ್ಬ ಪಟಪಟ ಮಾತಾಡುತ್ತಿದ್ದ. ಮುಳ್ಳು ತುಸು ತಿರುಗಿಸಿದರೆ ಒಂದು ಹಾಡು. ಇನ್ನೂ ತುಸು ತಿರುಗಿಸಿದರೆ ಪೀಂಪೀಂ, ಆಮೇಲೆ ನಗು. ಯಾವ ದೇಶವೋ, ಯಾವ ಭಾಷೆಯೋ! ಇಬ್ಬರೂ ಮಂಚದ ಮೇಲೆ ಕುಣಿದರು.

ಸದ್ದು ಕೇಳಿ ಬಂದ ಅಮ್ಮನ ಕಾಲಿಗೆ ಜೋತಾಡುತ್ತಿದ್ದ ವೈರು ಸಿಕ್ಕಿತು. "ಅಯ್ಯೋ! ಇದನ್ನ ನೀಟಾಗಿ ಕಟ್ತೀಯೋ, ಕಸದ ಬುಟ್ಟಿಗೆ ಹಾಕ್ಲೋ?"

ಬಟಾಣಿ ನೀಟಾಗಿ ಕಟ್ಟಿದಳು. ಎಷ್ಟು ನೀಟು ಎಂದರೆ, ಗೋಡೆಯಿಂದ ಇಳಿದ ವೈರನ್ನು ಟೇಬಲ್ ಲೈಟಿನ ವೈರಿಗೆ ಜಡೆ ಹೆಣೆದಂತೆ ಸುತ್ತಿ, ಲೈಟಿನ ಉದ್ದ ಕತ್ತಿನ ಮೇಲೆ ಹತ್ತಿಸಿ, ಅಲ್ಲಿಂದ ರೇಡಿಯೋಗೆ ಇಳಿಸಿದಳು. ಆ ಲೈಟು ಕಳೆದ ವರ್ಷ ಅವಳು ಪಾಸಾದಾಗ ಅಪ್ಪ ಕೊಡಿಸಿದ್ದು. ಲಾರಿ ಓಡಿಸುವ ಅಪ್ಪ, ದೂರದ ಊರಿನಿಂದ ಅದನ್ನು ಒಡೆಯದಂತೆ ತನ್ನ ಶರ್ಟಿನಲ್ಲಿ ಸುತ್ತಿ ತಂದಿದ್ದ.

"ಸೂಪರ್! ಕಂಪನಿಯವರೇ ಮಾಡಿದ ಹಾಗಿದೆ" ಎಂದಳು ಸರ್ಕ್ಯೂಟ್.

ಸಂಜೆ ಬಟಾಣಿ ಅಜ್ಜಿಯ ಕೈ ಹಿಡಿದು ಕರೆತಂದು, ಬೆನ್ನಿಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿದಳು. ಅಮ್ಮ ಬಾಗಿಲಲ್ಲಿ ನಿಂತಳು. ಸರ್ಕ್ಯೂಟ್ ಸ್ಕ್ರೂಡ್ರೈವರ್ ಹಿಡಿದು ಪಕ್ಕದಲ್ಲಿ ನಿಂತಳು, ಎಂಜಿನಿಯರಮ್ಮನ ಥರ. ಬಟಾಣಿ ಟೇಬಲ್ ಲೈಟ್ ಹಾಕಿ, ಅದರ ಕತ್ತು ಬಗ್ಗಿಸಿ, ಬೆಳಕು ಸರಿಯಾಗಿ ರೇಡಿಯೋ ಮೇಲೆ ಬೀಳುವಂತೆ ಮಾಡಿದಳು. ಸ್ಟೇಜಿನ ಮೇಲೆ ಹಾಡುವವರಿಗೆ ಬಿಡುತ್ತಾರಲ್ಲ, ಹಾಗೆ.

"ಈಗ ನೋಡಿ ಅಜ್ಜಿ!"

ಗ್ರ್‌ರ್‌ರ್‌ರ್‌ರ್!

ಅಮ್ಮ ಕಿವಿ ಮುಚ್ಚಿಕೊಂಡಳು. ಬಟಾಣಿ ಮುಳ್ಳು ಆ ಕಡೆ ತಿರುಗಿಸಿದಳು. ಗ್ರ್‌ರ್‌! ಈ ಕಡೆ ತಿರುಗಿಸಿದಳು. ಗ್ರ್‌ರ್‌! ಮಧ್ಯಾಹ್ನದ ಹಾಡು, ಮಾತು, ನಗು, ಎಲ್ಲ ಬಣ್ಣ ಮಸಿ ನುಂಗಿತ್ತು. ಆಂಟೆನಾ ಹಾಕುವ ಮುಂಚೆಯೂ ಇಷ್ಟು ಕೆಟ್ಟ ಸದ್ದು ಬಂದಿರಲಿಲ್ಲ.

"ತಡಿ, ನಾನು ವೈರು ಹಿಡ್ಕೊಳ್ತೀನಿ" ಎಂದು ಸರ್ಕ್ಯೂಟ್ ಮಂಚ ಹತ್ತಿದಳು. "ಈಗ? ಒಂದು ಕಾಲಲ್ಲಿ ನಿಂತ್ರೆ? ಸ್ವಲ್ಪ ಕಮ್ಮಿ ಆಯ್ತಲ್ವಾ?"

ಆಗಿರಲಿಲ್ಲ.

"ಮಧ್ಯಾಹ್ನ ಬಂದಿತ್ತು ಅಜ್ಜಿ, ನಿಜವಾಗ್ಲೂ! ಸರ್ಕ್ಯೂಟ್‌ನ ಬೇಕಾದ್ರೆ ಕೇಳಿ!"

ಅಜ್ಜಿ ಲೈಟನ್ನು ನೋಡಿದರು. ಅದರ ಕತ್ತಿಗೆ ಹೆಣೆದ ವೈರನ್ನು ನೋಡಿದರು. ಆಮೇಲೆ ಬಟಾಣಿಯ ಮುಖ ನೋಡಿದರು. ಕೈ ಚಾಚಿ ರೇಡಿಯೋ ಆಫ್ ಮಾಡಿದರು.

"ವೈರು ಚೆನ್ನಾಗಿ ಎಳೆದಿದೀಯ ಪುಟ್ಟಿ. ಬಂದಿರುತ್ತೆ, ನಾನು ನಂಬ್ತೀನಿ. ಈಗ ಓದ್ಕೋ."

ಕೋಲಿನ ಸದ್ದು ಹಾಲಿಗೆ ಹೋಯಿತು. ಸರ್ಕ್ಯೂಟ್ ಸದ್ದಿಲ್ಲದೆ ಮೇಲಿನ ಮನೆಗೆ ಹೋದಳು.

ಬಟಾಣಿಗೆ ಅಳು ತಡೆಯಲಾಗಲಿಲ್ಲ. ಮಧ್ಯಾಹ್ನ ಹಾಡಿದ್ದು ಸಂಜೆ ಯಾಕೆ ಗುರ್ ಎನ್ನಬೇಕು? ಅದೇ ರೇಡಿಯೋ, ಅದೇ ವೈರು, ಅದೇ ಕ್ಲಿಪ್ಪು. ಬೆಳಗ್ಗೆ ಜಡೆ ಹಾಕುವಾಗ ಮುದ್ದು ಮಾಡುವ ಅಜ್ಜಿ ಸಂಜೆಯಾದರೆ ಯಾಕೆ ಬೇರೆಯವರಂತೆ ಆಗುತ್ತಾರೆ? ರೇಡಿಯೋಗೂ ಅಜ್ಜಿಗೂ ಒಂದೇ ಕಾಯಿಲೆಯೋ ಏನೋ. ನಾಳೆ ಭಾನುವಾರ, ಚಿಕ್ಕಮ್ಮ ಬಂದೇ ಬರುತ್ತಾಳೆ. ಇಷ್ಟು ಯೋಚಿಸಿದಾಗ ಇನ್ನೂ ಜೋರಾಗಿ ಅಳು ಬಂತು.

ಅಷ್ಟರಲ್ಲಿ ಠಪ್ಪೆಂದು ಕರೆಂಟ್ ಹೋಯಿತು.

ಫ್ಯಾನು ನಿಂತಿತು. ಕಿಟಕಿಯ ಆಚೆ ಬೀದಿಗೆ ಬೀದಿಯೇ ಕತ್ತಲಾಯಿತು. ಬಟಾಣಿ ಕಣ್ಣೊರೆಸಿಕೊಂಡಳು. ‘ಬೇಡ ಈ ವೈರು, ಕಿತ್ತು ಬಿಸಾಕ್ತೀನಿ’ ಎಂದುಕೊಂಡು ಕತ್ತಲಲ್ಲೇ ತಡಕಾಡಿದಳು. ಕ್ಲಿಪ್ ಹುಡುಕಿದ ಕೈಗೆ ರೇಡಿಯೋದ ಗುಂಡಿ ಸಿಕ್ಕಿ ತಿರುಗಿತು.

ಟಿಣ್... ಟಿಣ್... ಟಿಣ್...

ಗಂಟೆಗಳು! ನಿಧಾನವಾಗಿ, ಒಂದರ ಹಿಂದೆ ಒಂದು, ಪಕ್ಕದ ಕೋಣೆಯಲ್ಲೇ ಯಾರೋ ಬಾರಿಸಿದಷ್ಟು ಸ್ಪಷ್ಟವಾಗಿ. ಆಮೇಲೆ ಒಬ್ಬ ಹೆಂಗಸು ಮೆಲ್ಲಗೆ ಮಾತಾಡತೊಡಗಿದಳು. ಒಂದು ಚೂರೂ ಗರಗರ ಇಲ್ಲ.

ಹಾಲಿನಿಂದ ಅಜ್ಜಿ ಬಂದರು. ಕೋಲು ಮರೆತು, ಗೋಡೆ ಹಿಡಿದುಕೊಂಡು ಬಂದರು. ಕುರ್ಚಿ ಸಿಕ್ಕಿದ ಕೂಡಲೇ ಕೂತುಬಿಟ್ಟರು. ಆಮೇಲೆ ಕತ್ತಲಲ್ಲಿ ಸದ್ದಾಯಿತು. ಟಪ್, ಟಪ್.

"ಪಾಸ್" ಎಂದರು ಅಜ್ಜಿ.

"ಯಾವ ಸ್ಟೇಷನ್ ಅಜ್ಜಿ ಇದು? ಅವ್ರು ಏನ್ ಹೇಳ್ತಿದಾರೆ?"

"ಯಾರಿಗೆ ಗೊತ್ತು! ಒಂದಕ್ಷರ ಅರ್ಥ ಆಗಲ್ಲ ನಂಗೆ."

"ಮತ್ತೆ ಯಾಕೆ ಕೇಳ್ತೀರಿ?"

"ಸಂಜೆ ಶಿಫ್ಟಲ್ಲಿ ಇದು ಒಂದೇ ಚೆನ್ನಾಗಿ ಬರ್ತಿತ್ತು ಕಣೇ. ಎಲ್ಲ ಸೆಟ್ಟನ್ನೂ ಇದೇ ಗಂಟೆ ಮೇಲೆ ಟೆಸ್ಟ್ ಮಾಡ್ತಿದ್ವಿ. ಈಗ ಬೆಂಚೂ ಇಲ್ಲ, ಕಾರ್ಖಾನೇನೂ ಇಲ್ಲ. ಆದ್ರೆ ಇದು ಕೇಳಿದ್ರೆ ನನ್ನ ಜೊತೆಯವರೆಲ್ಲ ಪಕ್ಕದಲ್ಲೇ ಕೂತ ಹಾಗಿರುತ್ತೆ."

ಬಟಾಣಿ ಅಜ್ಜಿಗೆ ಒರಗಿ ಕೂತಳು. ಆಂಟೆನಾ ಕೆಲಸ ಮಾಡುತ್ತಿದೆ! ಇನ್ನು ಅಜ್ಜಿ ಹೋಗುವುದಿಲ್ಲ!

ಫಳ್ಳೆಂದು ಕರೆಂಟ್ ಬಂತು.

ಗ್ರ್‌ರ್‌ರ್‌ರ್!

ಅಜ್ಜಿಯ ಕೈ ಆಗಲೇ ರೇಡಿಯೋ ಕಡೆ ಹೋಗಿತ್ತು. "ತಡೀರಿ ಅಜ್ಜಿ, ಆಫ್ ಮಾಡ್ಬೇಡಿ!" ಎಂದು ಕೂಗಿದಳು ಬಟಾಣಿ. ರೇಡಿಯೋ ಓಡುವುದು ಬ್ಯಾಟರಿಯಲ್ಲಿ. ಕರೆಂಟ್ ಬಂದರೆ ಅದಕ್ಕೇನು ಹೊಟ್ಟೆನೋವು?

ಅವಳು ಫ್ಯಾನ್ ಆಫ್ ಮಾಡಿದಳು. ಗ್ರ್‌ರ್‌! ಮೇಲಿನ ಬಲ್ಬ್ ಆಫ್ ಮಾಡಿದಳು. ಗ್ರ್‌ರ್‌! ಅಡುಗೆಮನೆಗೆ ಓಡಿ ಫ್ರಿಜ್ ಆಫ್ ಮಾಡಿದಳು. "ಏಯ್! ಹಾಲು ಕೆಡುತ್ತೆ!" ಎಂದಳು ಅಮ್ಮ. ಆದರೂ ಗ್ರ್‌ರ್‌! ವಾಪಸ್ ಓಡಿಬಂದಳು. ಇನ್ನು ಉಳಿದಿದ್ದು ಒಂದೇ.

ಟೇಬಲ್ ಲೈಟಿನ ಸ್ವಿಚ್ ಒತ್ತಿದಳು. ಲೈಟ್ ಆರಿತು.

ಆ ಹೆಂಗಸು ಮೆಲ್ಲಗೆ ಮಾತಾಡುತ್ತಿದ್ದಳು.

ಲೈಟ್ ಹಾಕಿದಳು. ಗ್ರ್‌ರ್‌. ಆರಿಸಿದಳು. ಹೆಂಗಸು. ಮತ್ತೆ ಹಾಕಿದಳು, ಮತ್ತೆ ಆರಿಸಿದಳು.

ಬಟಾಣಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಾಗೇ ನಿಂತಳು. ದಿನಾ ಸಂಜೆ ಅವಳು ಕುರ್ಚಿ ಎಳೆಯುತ್ತಿದ್ದಳು. ಲೈಟ್ ಹಾಕುತ್ತಿದ್ದಳು. ಆಮೇಲೆ ಟಕ್. ದಿನಾ ಅದೇ. ಇವತ್ತಂತೂ ವೈರನ್ನು ತಂದು ಆ ಲೈಟಿನ ಕತ್ತಿಗೇ ಹೆಣೆದಿದ್ದಳು! ದೂರ ದೇಶದ ಮಾತು ಕೇಳಬೇಕಾದ ವೈರಿನ ಕಿವಿಯಲ್ಲಿ ಲೈಟು ಕಿರುಚುತ್ತಾ ಕೂತಿತ್ತು.

"ಅಜ್ಜಿ, ನಿಮಗಿದು ಗೊತ್ತಿತ್ತಾ?"

"ಬಂದ ಮೊದಲ್ನೇ ಸಂಜೇನೇ ಗೊತ್ತಾಯ್ತು."

"ಮತ್ತೆ ಯಾಕೆ ನಂಗೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆರಿಸ್ತಿದ್ದೆ. ಅದಕ್ಕೇ."

ಬಟಾಣಿ ಸ್ವಿಚ್ಚಿನಿಂದ ಬೆರಳು ತೆಗೆದಳು.

"ಓದೋ ಮಕ್ಕಳ ಬೆಳಕು ಆರಿಸಿ ನಾನು ರೇಡಿಯೋ ಕೇಳ್ಕೊಂಡು ಕೂರೋದಾ?" ಎಂದರು ಅಜ್ಜಿ. "ನಿಮ್ಮಪ್ಪ ಎಷ್ಟು ಆಸೆಯಿಂದ ತಂದಿದಾನೆ. ಹಾಕ್ಕೋ ಹೋಗು, ನಿನ್ನ ಲೆಕ್ಕ ಉಳಿದಿದೆ."

ಬಟಾಣಿ ಲೈಟ್ ಹಾಕಲಿಲ್ಲ. ಹಾಲಿನಲ್ಲೇ ಉಳಿದಿದ್ದ ಕೋಲು ತಂದು ಅಜ್ಜಿಯ ಪಕ್ಕ ಇಟ್ಟಳು. ಗಣಿತದ ಪುಸ್ತಕ, ನೋಟ್‌ಬುಕ್, ಪೆನ್ಸಿಲ್ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮೇಜಿನ ಮೇಲೆ ಅಮ್ಮ ಹರಡಿಕೊಂಡಿದ್ದ ಬೀನ್ಸ್ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡಳು. ಅಮ್ಮ ಕಣ್ಣರಳಿಸಿದಳು. ಫ್ರಿಜ್ ಆನ್ ಮಾಡಿದಳು, ಅಷ್ಟೇ.

"ಅಜ್ಜೀ, ಅಡುಗೆಮನೆ ಲೈಟ್ ಹಾಕಿದೀನಿ. ಗುರ್ ಅಂತಿದೆಯಾ?"

"ಇಲ್ಲ!" ಎಂದು ಒಳಗಿನಿಂದ ಉತ್ತರ ಬಂತು.

"ಫ್ರಿಜ್ಜು?"

"ಪಾಸ್!"

ಆಗ ಮೇಲಿನ ಮನೆಯ ಕಿಟಕಿಯಿಂದ ಒಂದು ಕೂಗು ಕೇಳಿಸಿತು. "ಬಟಾಣೀ! ವಿಡಿಯೋ ಇನ್ನರ್ಧ ನೋಡ್ದೆ ಕಣೇ! ಹತ್ತಿರ ಇರೋ ಎಲ್‌ಇಡಿ ಲೈಟ್ ಎಲ್ಲ ಆರಿಸ್ಬೇಕಂತೆ!"

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದರು ಅಜ್ಜಿ ಒಳಗಿನಿಂದ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಬಟಾಣಿಗೂ ಅಷ್ಟೆ.

ಕೊನೆಯ ಲೆಕ್ಕಕ್ಕೆ ಉತ್ತರ ಬರೆಯುವಾಗ ಕೋಲಿನ ಸದ್ದು ಬಾಗಿಲಿಗೆ ಬಂತು.

"ಒಬ್ಬಳೇ ಕೂತು ಕೇಳೋಕೆ ಬೇಜಾರು. ಮುಗೀತಾ ನಿಂದು?"

"ಮುಗೀತು. ರೂಮ್ ಲೈಟ್ ಹಾಕ್ಲಾ ಅಜ್ಜಿ?"

"ಕಿವಿಗ್ಯಾಕೆ ಲೈಟು?"

ರೂಮಿನಲ್ಲಿ ಬೀದಿದೀಪದ ಬೆಳಕು ಇಷ್ಟೇ ಇಷ್ಟು ಬಿದ್ದಿತ್ತು. ಬಟಾಣಿ ಟೇಬಲ್ ಲೈಟಿನ ಕತ್ತಿಗೆ ಹೆಣೆದ ವೈರನ್ನು ಬೆರಳಿನಿಂದಲೇ ತಡಕಿ ಬಿಚ್ಚಿ, ದೂರ ಎಳೆದು ಕಿಟಕಿಯ ಚಿಲಕಕ್ಕೆ ಸುತ್ತಿದಳು. ರೇಡಿಯೋ ಇನ್ನೂ ಒಂದು ಚೂರು ಸ್ಪಷ್ಟವಾಯಿತು. ಅಜ್ಜಿ ಮಂಚದ ತಲೆದೆಸೆಯಲ್ಲಿ ಕೂತರು. ಬಟಾಣಿ ಕಾಲುದೆಸೆಗೆ ಹೊರಟವಳು, ಜಜ್ಜಿದ ಹೆಬ್ಬೆರಳು ನೆನಪಾಗಿ, ಹುಷಾರಾಗಿ ಒಂದೊಂದೇ ಹೆಜ್ಜೆ ಇಟ್ಟಳು.

ಕಾಲಿಗೆ ಏನೂ ತಗುಲಲಿಲ್ಲ. ಪಾದದಿಂದ ಆ ಕಡೆ ಈ ಕಡೆ ಸವರಿ ನೋಡಿದಳು. ಬ್ಯಾಗು ಅಲ್ಲಿರಲಿಲ್ಲ.

ಅದೆಲ್ಲಿ ಹೋಯಿತು ಎನ್ನಲು ಬಾಯಿ ತೆರೆದಳು. ರೇಡಿಯೋದ ಹೆಂಗಸು ಯಾವುದೋ ದೂರದ ಭಾಷೆಯಲ್ಲಿ, ಯಾರಿಗೋ ಏನೋ ಹೇಳುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು.

ಬಟಾಣಿ ಬಾಯಿ ಮುಚ್ಚಿಕೊಂಡಳು. ಮಂಚದ ತುದಿಯಲ್ಲಿ ಕೂತು, ಬ್ಯಾಗು ಇದ್ದ ಜಾಗಕ್ಕೆ ಎರಡೂ ಕಾಲು ಆರಾಮಾಗಿ ಚಾಚಿಕೊಂಡಳು.